ಬಿದ್ದ ಹಿಮ, ಕುಸಿದ ಹಿಮ: ಪಶ್ಚಿಮ ಹಿಮಾಲಯದ ಹಿಮಹೊದಿಕೆಯ ಒಳರಚನೆ ಕುರಿತು

ಆಕಾಶದಿಂದ ಹಿಮ ಬೀಳುವುದಕ್ಕೂ ಇಳಿಜಾರಿನಲ್ಲಿ ಕೂತ ಹಿಮ ಕಿತ್ತುಕೊಂಡು ಉರುಳುವುದಕ್ಕೂ ಕನ್ನಡದಲ್ಲಿ ‘ಹಿಮಪಾತ’ ಎಂಬ ಒಂದೇ ಪದ ಬಳಕೆಯಲ್ಲಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಸೇರಿದಂತೆ ಹತ್ತು ಯೋಧರನ್ನು ಹೂತುಹಾಕಿದ್ದು ಕಳಚಿ ಬಿದ್ದ ಮಂಜುಗಡ್ಡೆಯ ಗೋಡೆ. ನಮ್ಮ ಓದುಗರಿಗೆ ಅದೂ ಹಿಮಪಾತವೆಂದೇ ತಲುಪಿತು. ಈ ಗೊಂದಲವನ್ನು ನಿಘಂಟುಕಾರರಿಗೆ ಬಿಟ್ಟು ಸುಮ್ಮನಿರುವಂತಿಲ್ಲ. ಹಿಮ ಹೆಚ್ಚು ಬಿದ್ದರೆ ಅಪಾಯ ಹೆಚ್ಚು, ಬಾನು ತಿಳಿಯಾದರೆ ಅಪಾಯ ಮುಗಿಯಿತು ಎಂಬ ಎಣಿಕೆ ಅದರೊಳಗೆ ಅಡಗಿದೆ. ಹಲಗೆಯಂತೆ ಒಡೆದು ಜಾರುವ ಹಿಮಕುಸಿತದ ಮಟ್ಟಿಗೆ ಆ ಎಣಿಕೆ ಸಾಲದು. ಹೊಸ ಹಿಮ ಭಾರ ಹೇರುತ್ತದೆ, ನಿಜ. ಆ ಭಾರ ನಿಲ್ಲುತ್ತದೋ ಜಾರುತ್ತದೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಅದರಡಿಯ ಪದರ. ಅದು ವಾರಗಳ ಹಿಂದಿನದೂ ಇರಬಹುದು.

ನೆಲಕ್ಕೆ ತಾಗಿದ ಹಿಮ ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೋಡವಿಲ್ಲದ ರಾತ್ರಿ ಮೇಲ್ಮೈ ಮಾತ್ರ ಮೈನಸ್ 20ಕ್ಕೂ ಇಳಿಯಬಲ್ಲದು. ಈ ವ್ಯತ್ಯಾಸ ಮೀಟರಿಗೆ ಸುಮಾರು 10 ಡಿಗ್ರಿ ಮೀರಿದರೆ ನೀರಾವಿ ಕೆಳಗಿನಿಂದ ಮೇಲಕ್ಕೆ ಸಾಗಿ, ಒಂದಕ್ಕೊಂದು ಬೆಸೆದಿದ್ದ ಕಣಗಳನ್ನು ಬಿಡಿಬಿಡಿಯಾದ, ಬಟ್ಟಲಿನಾಕಾರದ ದೊಡ್ಡ ಹರಳುಗಳಾಗಿ ಮಾರ್ಪಡಿಸುತ್ತದೆ. ಅಂಗೈಯಲ್ಲಿ ಹಿಡಿದು ಹಿಸುಕಿದರೆ ಇವು ಉಂಡೆ ಕಟ್ಟುವುದಿಲ್ಲ, ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯುತ್ತವೆ. ಹೊದಿಕೆ ತೆಳುವಾದಷ್ಟೂ ಈ ಮಾರ್ಪಾಡು ಬಿರುಸು. ಹೀಗಾಗಿ ಚಳಿಗಾಲದ ಮೊದಲಲ್ಲಿ ಅಂಗೈಯಗಲ ಬಿದ್ದು, ಬಿಸಿಲು ನೋಡಿ ಜನ ಮರೆತುಬಿಡುವ ಹಿಮವೇ ಜನವರಿ, ಫೆಬ್ರುವರಿಯ ಕುಸಿತಕ್ಕೆ ತಳಪಾಯವಾಗಬಹುದು. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ವಾಯುಕ್ಷೋಭೆಗಳು ಅದರ ಮೇಲೆ ದಪ್ಪ ಹಿಮ ಸುರಿಯುತ್ತವೆ, ಗಾಳಿ ಅದನ್ನು ಅದುಮಿ ಹಲಗೆ ಮಾಡುತ್ತದೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬ ಸ್ಕೀಯರ್‌ನ ತೂಕವೂ ಸಾಕಾದೀತು. ಕೆಲವೊಮ್ಮೆ ಕಾಲಡಿಯಲ್ಲಿ ‘ಧುಂ’ ಎಂಬ ಮಂದ ಸದ್ದು ಕೇಳಿಸುತ್ತದೆ; ಆ ಸಕ್ಕರೆ ಪದರ ಕುಸಿದು ಕೂತ ಸದ್ದು ಅದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹೆಚ್ಚಿನ ಕುಸಿತಗಳು ಭಾರಿ ಹಿಮ ಬೀಳುವಾಗ ಅಥವಾ ಬಿದ್ದ ಒಂದೆರಡು ದಿನಗಳಲ್ಲೇ ಆಗುತ್ತವಲ್ಲ, ಬಿದ್ದ ಹಿಮ ಅಳೆದರೆ ಸಾಲದೇ? ಪೀರ್ ಪಂಜಾಲ್ ಶ್ರೇಣಿಗೆ ಈ ಮಾತು ಸಾಕಷ್ಟು ಒಪ್ಪುತ್ತದೆ. ಅಲ್ಲಿ ಚಳಿ ತುಸು ಕಡಿಮೆ, ಹಿಮ ಹೇರಳ. ಪದರಗಳು ಬೇಗ ಬೆಸೆದುಕೊಳ್ಳುತ್ತವೆ, ಅಪಾಯವೂ ಬೇಗ ತಗ್ಗುತ್ತದೆ. ಆದರೆ ಅದನ್ನು ದಾಟಿ ಲಡಾಖ್, ಕಾರಕೋರಂ ಕಡೆ ಸರಿದರೆ ಚಳಿ ಕಡು, ಹೊದಿಕೆ ಹಲವೆಡೆ ತೆಳು. ದುರ್ಬಲ ಪದರ ಅಲ್ಲಿ ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ. ಒಂದೇ ಅಳತೆಯ ಹೊಸ ಹಿಮ ಎರಡು ಕಡೆ ಎರಡು ಫಲ ಕೊಡುವಾಗ, ಆ ಅಳತೆಯೊಂದನ್ನೇ ಅಪಾಯದ ಮಾನದಂಡವೆನ್ನಲಾಗದು.

ಎರಡನೆಯ ಆಕ್ಷೇಪ ಹಿಮದ ಗುಂಡಿಯ ಬಗ್ಗೆ. ಗುಂಡಿ ತೋಡಿ, 30 ಸೆಂಟಿಮೀಟರ್ ಚದರದ ಕಂಬ ಕಡಿದು, ಅದರ ತಲೆಯ ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು ಕೊಟ್ಟು ಯಾವ ಪದರ ಎಷ್ಟನೆಯ ಏಟಿಗೆ ಜಾರಿತೆಂದು ನೋಡುತ್ತಾರೆ. ಇಡೀ ಇಳಿಜಾರಿಗೆ ಒಂದು ಕಂಬ ಸಾಕ್ಷಿಯಾದೀತೇ? ಆಗದು, ಬಂಡೆಯ ಪಕ್ಕದಲ್ಲೊಂದು, ಗಾಳಿಮರೆಯಲ್ಲೊಂದು ಎಂಬಂತೆ ಪದರ ಬದಲಾಗುತ್ತದೆ. ಆದರೆ ಈ ಮಿತಿ ಎರಡೂ ದಿಕ್ಕಿಗೆ ಸಮನಾಗಿಲ್ಲ. ಕೆಲವೇ ಏಟಿಗೆ ಕಂಬ ನುಣುಪಾಗಿ ಜಾರಿದರೆ ದುರ್ಬಲ ಪದರ ಅಲ್ಲಿರುವುದು ಖಚಿತ, ಹಿಂದಿರುಗಲು ಅಷ್ಟೇ ಕಾರಣ ಸಾಕು. ಮೂವತ್ತು ಏಟಿಗೂ ನಿಂತ ಕಂಬವಾದರೋ ತಾನು ನಿಂತ ಜಾಗದ ಸುದ್ದಿ ಮಾತ್ರ ಹೇಳುತ್ತದೆ. ಐವತ್ತು ಹೆಜ್ಜೆ ಆಚೆಯ ಇಳಿಜಾರಿಗೆ ಅದರಿಂದ ಅಪ್ಪಣೆ ಸಿಗುವುದಿಲ್ಲ.