ಮನೆಗೆ ಹೋದ ಮೇಲೆ ಬರುವ ಜ್ವರ: ಹಾವು ಕಡಿತದ ಚಿಕಿತ್ಸೆ ಮತ್ತು ಸೀರಮ್ ಕಾಯಿಲೆ

ಹಾವು ಕಡಿದು, ಪ್ರತಿವಿಷದ ಚುಚ್ಚುಮದ್ದು ಪಡೆದು, ಗುಣವಾಗಿ ಮನೆ ಸೇರಿದವರಲ್ಲಿ ಕೆಲವರಿಗೆ ವಾರದ ಹೊತ್ತಿಗೆ ಜ್ವರ ಬರುತ್ತದೆ. ಮೈತುಂಬ ತುರಿಕೆಯ ದದ್ದು ಏಳುತ್ತದೆ, ಕೀಲುಗಳು ಊದಿ ನೋಯುತ್ತವೆ. ಒಳಗೆ ವಿಷ ಇನ್ನೂ ಉಳಿದಿದೆ ಎಂದು ಮನೆಯವರು ಹೆದರುವುದು ಸಹಜ. ಆದರೆ ಈ ಲಕ್ಷಣಗಳು ಹುಟ್ಟುವುದು ವಿಷದಿಂದಲ್ಲ, ಜೀವ ಉಳಿಸಿದ ಮದ್ದಿನಿಂದಲೇ.

ಸೀರಮ್ ಕಾಯಿಲೆ ಎಂಬ ಈ ಸ್ಥಿತಿಯ ಮೊದಲ ವ್ಯವಸ್ಥಿತ ಅಧ್ಯಯನ ನಡೆದದ್ದು ವಿಯೆನ್ನಾದಲ್ಲಿ. ಗಂಟಲಮಾರಿ ಮುಂತಾದ ರೋಗಗಳಿಗೆ ಕುದುರೆಯ ಸೀರಮ್ ಪಡೆದ ಮಕ್ಕಳನ್ನು ಗಮನಿಸಿದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ 1905ರಲ್ಲಿ ಸೀರಮ್ ಕಾಯಿಲೆಯ ಕುರಿತು ಗ್ರಂಥ ಪ್ರಕಟಿಸಿದರು. ಮೊದಲ ಸಲ ಸೀರಮ್ ಪಡೆದವರಲ್ಲಿ ಲಕ್ಷಣಗಳು ಸಾಮಾನ್ಯವಾಗಿ 8ರಿಂದ 12 ದಿನಗಳ ನಂತರ ತೋರುತ್ತಿದ್ದವು. ಮತ್ತೊಮ್ಮೆ ಪಡೆದವರಲ್ಲಿ ಬಹಳ ಬೇಗ. ನಡುವಿನ ಈ ಅವಧಿಯನ್ನೇ ಅವರು ಸಾಕ್ಷ್ಯವಾಗಿ ಓದಿದರು: ಕುದುರೆಯ ಪ್ರೋಟೀನಿಗೆ ಎದುರಾಗಿ ಪ್ರತಿಕಾಯ ತಯಾರಿಸಲು ದೇಹಕ್ಕೆ ಅಷ್ಟು ಕಾಲ ಬೇಕು. ಹಾಗೆ ತಯಾರಾದ ಪ್ರತಿಕಾಯಗಳು ರಕ್ತದಲ್ಲಿ ಉಳಿದಿರುವ ಆ ಪ್ರೋಟೀನಿನೊಡನೆ ಗಂಟುಕಟ್ಟಿ ರಕ್ತನಾಳ, ಕೀಲು, ಮೂತ್ರಪಿಂಡಗಳಲ್ಲಿ ತಂಗಿ ಉರಿಯೂತ ಹುಟ್ಟಿಸುತ್ತವೆ ಎಂಬುದು ಇಂದಿನ ವಿವರಣೆ. ‘ಅಲರ್ಜಿ’ ಎಂಬ ಪದವನ್ನು ಪಿರ್ಕೆ ಮುಂದಿಟ್ಟದ್ದು ಗ್ರಂಥ ಬಂದ ಮರುವರ್ಷ.

ಗಂಟಲಮಾರಿ ಅಪರೂಪವಾದರೂ ಕುದುರೆಯ ಸೀರಮ್ ನಮ್ಮಲ್ಲಿ ನಿತ್ಯದ ಮದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಭಾರತದಲ್ಲಿ ಕೊಡುವ, ಕುದುರೆಯ ಸೀರಮ್‌ನಿಂದಲೇ ತಯಾರಿಸುವ ಪ್ರತಿವಿಷ ಒಂದೇ. ಮೊದಲ ಸುತ್ತಿನಲ್ಲೇ ಹತ್ತರಷ್ಟು ವಯಲ್ ಏರಿಸುವುದುಂಟು. ಪ್ರಮಾಣ ಹೆಚ್ಚಿದಷ್ಟೂ ತಡವಾದ ಪ್ರತಿಕ್ರಿಯೆಯ ಸಂಭವವೂ ಹೆಚ್ಚು. ಮೊದಲೇ ಚರ್ಮದ ಮೇಲೆ ಪರೀಕ್ಷಿಸಿ ಇದನ್ನು ಊಹಿಸಲಾಗದು. ಆ ಪರೀಕ್ಷೆ ಅಮೂಲ್ಯ ಸಮಯವನ್ನು ತಿನ್ನುತ್ತದೆ ಎಂಬುದನ್ನೂ ಹೇಳಲೇಬೇಕು.

ಚಿಕಿತ್ಸೆ ಕಷ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೊದಲು ಐದು ದಿನ ಅಲರ್ಜಿನಿರೋಧಕ ಮಾತ್ರೆ ಸೂಚಿಸುತ್ತದೆ. 24ರಿಂದ 48 ಗಂಟೆಯಲ್ಲಿ ಇಳಿಯದಿದ್ದರೆ ಐದು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ತೊಡಕಿರುವುದು ರೋಗ ಗುರುತಿಸುವಲ್ಲಿ. ಆ ಮಾರ್ಗಸೂಚಿಯ ಪ್ರಕಾರ ಇದು ಚಿಕಿತ್ಸೆಯ ನಂತರ 1ರಿಂದ 12 ದಿನಗಳೊಳಗೆ, ಸರಾಸರಿ ಏಳನೆಯ ದಿನ ಬರುವಂಥದ್ದು. ಅಷ್ಟರಲ್ಲಿ ರೋಗಿ ಆಸ್ಪತ್ರೆ ಬಿಟ್ಟು ಊರು ಸೇರಿರುತ್ತಾನೆ. ಊರಿನ ವೈದ್ಯರ ಕಣ್ಣಿಗೆ ಅದು ಡೆಂಗಿಯಂತೆಯೋ ಚಿಕೂನ್‌ಗುನ್ಯದಂತೆಯೋ ಕಾಣಬಹುದು. ಹಿಂದಿನ ವಾರದ ಚುಚ್ಚುಮದ್ದಿನ ಸುದ್ದಿ ಕೇಳಿದರಷ್ಟೇ ಹೊರಬರುತ್ತದೆ.

ಆದ್ದರಿಂದ ನಿರ್ವಹಣೆಯ ಮುಖ್ಯ ಭಾಗ ಬಿಡುಗಡೆಯ ಚೀಟಿಯಲ್ಲಿದೆ ಎಂಬುದು ಈ ಲೇಖನದ ವಾದ. ಯಾವ ದಿನ ಎಷ್ಟು ವಯಲ್ ಕೊಡಲಾಯಿತು, ಯಾವ ಲಕ್ಷಣ ಕಂಡರೆ ಮರಳಬೇಕು, ಮೂತ್ರ ಕಡಿಮೆಯಾದರೆ ತಡಮಾಡಬಾರದು ಎಂಬುದನ್ನು ಕನ್ನಡದಲ್ಲೇ ಬರೆದು ಓದಿಹೇಳಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಏಳನೆಯ ದಿನದ ಈ ಜ್ವರವೂ ಅದೇ ದಾಖಲೆಗೆ ಸೇರಬೇಕು. ಇನ್ನೊಂದು ಸಾಲು ಚೀಟಿಯಲ್ಲಿ ತಪ್ಪದೆ ಇರಲಿ: ಮುಂದೆ ಮತ್ತೆ ಹಾವು ಕಡಿದು ವಿಷವೇರಿದರೆ, ಹಿಂದೆ ಸೀರಮ್ ಕಾಯಿಲೆ ಬಂದಿತ್ತೆಂಬ ಕಾರಣಕ್ಕೆ ಪ್ರತಿವಿಷವನ್ನು ನಿರಾಕರಿಸಬಾರದು, ವೈದ್ಯರಿಗೆ ಅದನ್ನು ತಿಳಿಸಿ ಪಡೆಯಬೇಕು.