ಹತ್ತಡಿ ಅಗಲದ ಪಡಸಾಲೆಯಲ್ಲಿ ಐದು ಸ್ಪೀಕರುಗಳ ಜೋಡಣೆ: ಒಂದು ಟಿಪ್ಪಣಿ

1. ಆಕರ

ಸರೌಂಡ್ ಜೋಡಣೆಯ ಚರ್ಚೆಗೆ ಸಾಮಾನ್ಯ ಆಧಾರ ಐಟಿಯು-ಆರ್ ಬಿಎಸ್.775 ಶಿಫಾರಸು. ಇದರ ಮೊದಲ ರೂಪ 1992ರದು; ಆಗ ಸಂಸ್ಥೆಯ ಹೆಸರು ಸಿಸಿಐಆರ್. 1992ರ ಪಠ್ಯಕ್ಕೆ ಈಗಿನ ಹೆಸರನ್ನೇ ಹಚ್ಚುವ ರೂಢಿಯಿರುವುದರಿಂದ ಯಾವ ಪರಿಷ್ಕರಣೆ ಎಂಬುದನ್ನು ನಮೂದಿಸುವುದು ಒಳಿತು.

ಶಿಫಾರಸಿನಂತೆ ನಡುವಿನ ಸ್ಪೀಕರು 0°, ಮುಂದಿನ ಎಡಬಲದವು 30°, ಸರೌಂಡ್ ಜೋಡಿ 100°ಯಿಂದ 120°. ಐದೂ ಕೇಳುಗನಿಂದ ಸಮದೂರ. ಡಾಲ್ಬಿಯ 7.1 ಮಾರ್ಗದರ್ಶಿಯಲ್ಲಿ ಪಕ್ಕದ ಜೋಡಿ 90°–110°, ಹಿಂದಿನದು 135°–150°. ಇವೆರಡರ ನಡುವೆ ವಿರೋಧವಿದ್ದಂತಿಲ್ಲ: ಹಿಂಬದಿಗೆ ಬೇರೆ ಜೋಡಿ ಬಂದಾಗ ಪಕ್ಕದ ಜೋಡಿ ತುಸು ಮುಂದೆ ಸರಿಯುತ್ತದೆ.

2. ಮಾದರಿ ಕೋಣೆ

ಮೋಕ, ಕುರುಗೋಡು, ಸಿರುಗುಪ್ಪದ ಕಡೆಯ ಕಿರಿದಾದ ಪಡಸಾಲೆಯೊಂದನ್ನು ಗಮನದಲ್ಲಿಟ್ಟು ಅಗಲವನ್ನು 10 ಅಡಿ (3.05 ಮೀ.) ಎಂದು ಹಿಡಿಯಲಾಗಿದೆ. ಕೇಳುಗ ನಡುಗೆರೆಯಲ್ಲಿದ್ದಾನೆ. ಸ್ಪೀಕರಿನ ಕೇಂದ್ರ ಗೋಡೆಯಿಂದ 12 ಸೆಂ.ಮೀ. ಈಚೆಗಿದ್ದರೆ ನಡುಗೆರೆಯಿಂದ ಅದಕ್ಕೆ ಸಿಗುವ ಗರಿಷ್ಠ ಅಂತರ 1.40 ಮೀ.

ಮುಂದಿನ ಜೋಡಿಯ ನಡುವೆ 2.4 ಮೀ. ಬಿಟ್ಟರೆ ವರ್ತುಲದ ತ್ರಿಜ್ಯವೂ 2.4 ಮೀ. ಅದೇ ವರ್ತುಲದ ಮೇಲೆ 110°ಯಲ್ಲಿ ಸರೌಂಡ್ ಸ್ಪೀಕರು ನಡುಗೆರೆಯಿಂದ 2.26 ಮೀ. ಆಚೆ ಬೀಳುತ್ತದೆ, ಅಂದರೆ ಗೋಡೆಯ ಹೊರಗೆ. ತ್ರಿಜ್ಯವನ್ನು 1.42 ಮೀ.ಗೆ ಇಳಿಸಿದರೆ 100°ಯಲ್ಲಿ ವರ್ತುಲ ಕೂಡುತ್ತದೆ. ಆದರೆ ಮುಂದಿನ ಜೋಡಿ ಕೇಳುಗನಿಗಿಂತ 1.23 ಮೀ. ಮಾತ್ರ ಮುಂದಿರುತ್ತದೆ. ಟಿವಿ ನೋಡುವ ಮನೆಯಲ್ಲಿ ಇದು ಒಪ್ಪಿಗೆಯಾಗಲಾರದು.

3. ವಿಳಂಬ

ಕೋನವನ್ನು ಉಳಿಸಿಕೊಂಡು ಸಮದೂರವನ್ನು ಬಿಟ್ಟುಕೊಡುವುದೇ ಮೇಲೆಂದು ತೋರುತ್ತದೆ. 110°ಯಲ್ಲಿ ಗೋಡೆಗೆ ಹತ್ತಿದ ಸರೌಂಡಿನ ದೂರ 1.49 ಮೀ.; ಮುಂದಿನವಕ್ಕಿಂತ 0.91 ಮೀ. ಕಡಿಮೆ. 20° ಸೆ.ನಲ್ಲಿ ಇದು 2.65 ಮಿಲಿಸೆಕೆಂಡ್. ಅಷ್ಟು ವಿಳಂಬವನ್ನು ರಿಸೀವರಿನಲ್ಲಿ ದೂರದ ಅಂಕಿಗಳ ಮೂಲಕ ಕೊಡಬಹುದು. ಕೊಡದಿದ್ದರೆ ಮೊದಲು ತಲುಪಿದ ಶಬ್ದದತ್ತ ಕಿವಿ ವಾಲುವ ಸಂಭವವಿದೆ. (ಹೆಲ್ಮುಟ್ ಹಾಸ್‌ರ ಈ ಕುರಿತ ಕೆಲಸಕ್ಕೆ 1949, 1951 ಎಂಬ ಎರಡು ವರ್ಷಗಳು ಕಾಣಸಿಗುತ್ತವೆ: ಮೊದಲನೆಯದು ಪ್ರೌಢಪ್ರಬಂಧದ್ದು, ಎರಡನೆಯದು ಪತ್ರಿಕಾ ಪ್ರಕಟಣೆಯದು.) ಮಟ್ಟದಲ್ಲೂ ಸುಮಾರು 4 ಡೆಸಿಬೆಲ್ ಇಳಿಕೆ ಬೇಕಾದೀತು. ಆದರೆ ಅದು ಮುಕ್ತ ಬಯಲಿನ ಲೆಕ್ಕ. ಕಡಪ ಕಲ್ಲಿನ ನೆಲ, ಬರಿ ಗೋಡೆಗಳ ಕೋಣೆಯಲ್ಲಿ ಪ್ರತಿಫಲನದಿಂದಾಗಿ ವ್ಯತ್ಯಾಸ ಇದಕ್ಕಿಂತ ಕಡಿಮೆ ಇರಬಹುದು. ಮಟ್ಟವನ್ನು ಕೂರುವ ಜಾಗದಲ್ಲೇ ಅಳೆದು ಹೊಂದಿಸಬೇಕು.

4. ಬಿಸಿಲು

ಬಳ್ಳಾರಿಯ ಏಪ್ರಿಲ್–ಮೇ ತಿಂಗಳುಗಳ 40° ಸೆ.ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343ರಿಂದ 355 ಮೀ.ಗೆ ಏರುತ್ತದೆ, ಮೇಲಿನ ವಿಳಂಬ 2.56 ಮಿಲಿಸೆಕೆಂಡಿಗೆ ಇಳಿಯುತ್ತದೆ. ವ್ಯತ್ಯಾಸವನ್ನು ದೂರಕ್ಕೆ ಪರಿವರ್ತಿಸಿದರೆ ಸುಮಾರು 3 ಸೆಂ.ಮೀ. ಟೇಪು ಹಿಡಿದು ಕಿವಿಯ ಸ್ಥಾನ ಗುರುತಿಸುವಾಗಲೇ ಇಷ್ಟು ಹೆಚ್ಚುಕಡಿಮೆ ಆಗುವುದರಿಂದ ಬೇಸಿಗೆಗೆಂದು ಬೇರೆ ಅಂಕಿ ಅಗತ್ಯವೆನಿಸುವುದಿಲ್ಲ.