ಹೆಸರು ಬದಲಾಯ್ತು, ಬಾಯಿ ಬದಲಾಗಲಿಲ್ಲ

ನಮ್ಮ ಹೊರಕೆರೆದೇವಪುರದ ಕಡೆ ಯಾರಾದ್ರೂ ಅಡ್ಡಾದಿಡ್ಡಿ ಮಾತಾಡಿದ್ರೆ "ಇವನ್ನ ಬೆಂಗಳೂರಿಗೆ ಕಳಿಸ್ಬೇಕು" ಅಂತ ನಗೋದು ರೂಢಿ. ನಾನೂ ನಗ್ತಿದ್ದೆ... ಅಜ್ಜಿಯ ತಮ್ಮ ಅಲ್ಲಿಗೇ ಹೋಗಿದ್ರು ಅಂತ ಗೊತ್ತಾಗೋವರೆಗೆ. ಮನೇಲಿ ಎಲ್ಲರೂ "ಕೆಲಸಕ್ಕೆ ಹೋಗಿದ್ದ" ಅಂತಲೇ ಹೇಳ್ತಿದ್ರು.

ಆ ಆಸ್ಪತ್ರೆಯ ಕಥೆ ಹಳೇದು. 1845ರ ಕಾನೂನು ಇಂಗ್ಲೆಂಡಿನ ಪ್ರತಿ ಕೌಂಟಿಯೂ ಮನೋರೋಗಿಗಳಿಗೆ ಅಸೈಲಂ ಕಟ್ಟಿಸಬೇಕು ಅಂದಿತು. ಊರಾಚೆಯ ಜಾಗ, ಗಾಳಿ, ಬೆಳಕು, ತೋಟದ ಕೆಲಸ. ಕಟ್ಟಡವೇ ಅರ್ಧ ಔಷಧಿ ಅನ್ನೋ ನಂಬಿಕೆ. ಜೊತೆಗೇ ಎತ್ತರದ ಗೋಡೆಗಳೂ ಎದ್ದವು!

ಬೆಂಗಳೂರಿನ ಲುನಾಟಿಕ್ ಅಸೈಲಂ ಶುರುವಾಗಿದ್ದು 1847ರಲ್ಲಿ, ಪೇಟೆಯೊಳಗೆ. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ 'ಮೆಂಟಲ್ ಹಾಸ್ಪಿಟಲ್' ಅಂತ ಹೆಸರಿಟ್ಟಿತು. 1930ರ ದಶಕದಲ್ಲಿ ಅದು ಊರಾಚೆಗೆ, ಲಕ್ಕಸಂದ್ರದ ದಿಣ್ಣೆಯ ಹೊಸ ಕಟ್ಟಡಕ್ಕೆ ಹೋಯ್ತು. 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು.

ಅಸೈಲಂ ಹೋಗಿ ಆಸ್ಪತ್ರೆಯಾಯ್ತು, ಆಸ್ಪತ್ರೆ ಹೋಗಿ ಸಂಸ್ಥೆಯಾಯ್ತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ 'ಹುಚ್ಚಾಸ್ಪತ್ರೆ'ನೇ.

ಅಂದಹಾಗೆ, ಅಜ್ಜಿಯ ತಮ್ಮ ವಾಸಿಯಾಗಿ ಬಂದು ಇಪ್ಪತ್ತು ವರ್ಷ ತೆಂಗಿನ ತೋಟ ನೋಡ್ಕೊಂಡ್ರಂತೆ. ವಾಸಿಯಾಗಿದ್ದನ್ನೂ ಮುಚ್ಚಿಡಬೇಕಿತ್ತಾ? ನಿಮ್ಮೂರಲ್ಲೂ ಹೀಗೇನಾ?